ರಾಷ್ಟ್ರೀಯ ಶಾಲಾ ಅಥ್ಲೆಟಿಕ್ಸ್ ಕೂಟಕ್ಕೆ ಹೊರಟ ಹುಡುಗಿ: ಊಟ, ಮುಟ್ಟು, ಮೂಳೆ, ರಕ್ತ

ಹೋಬಳಿ ಮಟ್ಟದಲ್ಲಿ ಗೆದ್ದು, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಒಂದೊಂದೇ ಮೆಟ್ಟಿಲು ಹತ್ತಿ ರಾಷ್ಟ್ರೀಯ ಶಾಲಾ ಅಥ್ಲೆಟಿಕ್ಸ್ ಕೂಟಕ್ಕೆ ಆಯ್ಕೆಯಾಗುವುದು ಸಣ್ಣ ಮಾತಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಫೆಡರೇಶನ್ನಿನ ಕೂಟಗಳಲ್ಲಿ 14, 17 ಮತ್ತು 19 ವರ್ಷದೊಳಗಿನ ವಿಭಾಗಗಳಿವೆ. ಓಟ, ಹರ್ಡಲ್ಸ್, ಜಿಗಿತ, ಎಸೆತ, ರಿಲೇ ಎಂದು ಹುಡುಗಿಯರಿಗೆ ಹತ್ತಾರು ಸ್ಪರ್ಧೆಗಳು. ಕೇರಳದ ಪಯ್ಯೋಳಿಯ ಪಿ.ಟಿ. ಉಷಾ ದೇಶದ ಗಮನ ಸೆಳೆದದ್ದು 1979ರ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ. ಐದೇ ವರ್ಷಗಳಲ್ಲಿ ಅವರು ಒಲಿಂಪಿಕ್ ಫೈನಲ್‌ನಲ್ಲಿ ಓಡಿದರು.

ಆಯ್ಕೆಯ ಸುದ್ದಿ ಬಂದ ಕೂಡಲೇ ಶಾಲೆಯಲ್ಲಿ ಸನ್ಮಾನ, ಊರಿನಲ್ಲಿ ಫ್ಲೆಕ್ಸ್. ದೈಹಿಕ ಶಿಕ್ಷಕರು ಬೆಳಿಗ್ಗೆ ಐದೂವರೆಗೇ ಮೈದಾನಕ್ಕೆ ಬರಹೇಳುತ್ತಾರೆ. ಸಂಜೆ ಮತ್ತೆ ಅಭ್ಯಾಸ. ನಡುವೆ ತರಗತಿ, ಟ್ಯೂಷನ್, ಮನೆಗೆಲಸ. ಅವಳ ಓಟದ ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆದು ಬರೆದಿಡುತ್ತೇವೆ. ಆದರೆ ಅವಳು ದಿನಕ್ಕೆ ಎಷ್ಟು ಉಣ್ಣುತ್ತಾಳೆ, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಕಳೆದ ಬಾರಿ ಮುಟ್ಟಾದದ್ದು ಯಾವಾಗ ಎಂಬುದನ್ನು ಬರೆದಿಡುವವರು ಎಷ್ಟು ಮಂದಿ?

ಈ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇವನ್ನು ಕಡೆಗಣಿಸಿದರೆ ಹೋಗುವುದು ಒಂದು ಪದಕ ಮಾತ್ರವಲ್ಲ. ಹದಿನೈದರ ಹುಡುಗಿ ಕಳೆದುಕೊಂಡ ಮೂಳೆಯ ಗಟ್ಟಿತನ ನಲವತ್ತರಲ್ಲಿ, ಐವತ್ತರಲ್ಲಿ ಅವಳನ್ನು ಕಾಡಬಹುದು. ಆದ್ದರಿಂದ ಈ ವಾರ ಕ್ರೀಡಾಕೂಟಕ್ಕೆ ಸಿದ್ಧಳಾಗುತ್ತಿರುವ ಹುಡುಗಿಯ ಆರೋಗ್ಯವನ್ನು ವಿವರವಾಗಿ ನೋಡೋಣ.

ಓಟ ನಿಧಾನವಾಯಿತೇ? ಗಾಬರಿ ಬೇಡ

ಹುಡುಗಿಯರು ಎಲ್ಲಕ್ಕಿಂತ ವೇಗವಾಗಿ ಎತ್ತರ ಬೆಳೆಯುವುದು ಮುಟ್ಟು ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ, ಸಾಮಾನ್ಯವಾಗಿ 11-12ರ ಸುಮಾರಿಗೆ. ಅದಾದ ಮೇಲೆ ಸೊಂಟ ಅಗಲವಾಗುತ್ತದೆ. ತೊಡೆ, ಎದೆ, ಪೃಷ್ಠದ ಭಾಗಗಳಲ್ಲಿ ಕೊಬ್ಬು ಸೇರುತ್ತದೆ. ತೂಕ ಏರುತ್ತದೆ. ಇದು ಪ್ರಕೃತಿಯ ಕ್ರಮ. ಹೆಣ್ಣಿನ ಶರೀರದಲ್ಲಿ ಹಾರ್ಮೋನುಗಳು ಸರಿಯಾಗಿ ಕೆಲಸ ಮಾಡಲು ಒಂದಿಷ್ಟು ಕೊಬ್ಬು ಇರಲೇಬೇಕು.

ಈ ಬದಲಾವಣೆಗೆ ಹೊಂದಿಕೊಳ್ಳಲು ಸ್ನಾಯುಗಳಿಗೆ ಸಮಯ ಹಿಡಿಯುತ್ತದೆ. ಹದಿಮೂರರಲ್ಲಿ ಇಡೀ ಜಿಲ್ಲೆಯನ್ನು ಹಿಂದೆ ಹಾಕಿದ ಹುಡುಗಿಯ ಓಟದ ಸಮಯ ಹದಿನೈದರಲ್ಲಿ ಸುಧಾರಿಸದೆ ನಿಂತುಬಿಡಬಹುದು, ಕೆಲವೊಮ್ಮೆ ಒಂದೆರಡು ಸೆಕೆಂಡು ಹಿಂದೆಯೂ ಬೀಳಬಹುದು. ಹುಡುಗರಿಗೆ ಅದೇ ವಯಸ್ಸಿನಲ್ಲಿ ಸ್ನಾಯು ಬಲ ಭರಭರನೆ ಏರುವುದರಿಂದ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ತಾಳ್ಮೆಯಿಂದ ಶಕ್ತಿವರ್ಧಕ ವ್ಯಾಯಾಮ ಮಾಡಿಸಿ, ಹೊಟ್ಟೆ ತುಂಬ ಊಟ ಕೊಟ್ಟರೆ ಅನೇಕ ಹುಡುಗಿಯರು 17-18ರ ಹೊತ್ತಿಗೆ ಮತ್ತೆ ಮುನ್ನಡೆಯುತ್ತಾರೆ.

ತಪ್ಪು ನಡೆಯುವುದು ಇಲ್ಲಿಯೇ. 'ದಪ್ಪ ಆಗಿದ್ದೀಯ, ಅದಕ್ಕೇ ಓಡೋಕಾಗ್ತಿಲ್ಲ, ಊಟ ಕಡಿಮೆ ಮಾಡು' ಎಂಬ ಮಾತು ಹಿರಿಯರ ಬಾಯಿಂದ ಸುಲಭವಾಗಿ ಬಂದುಬಿಡುತ್ತದೆ. ಹುಡುಗಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ರಾತ್ರಿ ಊಟ ಬಿಡುತ್ತಾಳೆ. ಮುದ್ದೆ ಅರ್ಧವಾಗುತ್ತದೆ, ತುಪ್ಪ, ಕಡಲೆಕಾಯಿ ದೂರವಾಗುತ್ತವೆ. ಮೊದಲ ಕೆಲವು ವಾರ ಮೈ ಹಗುರವಾಗಿ ಓಟ ಚುರುಕಾದಂತೆಯೂ ತೋರಬಹುದು. ಮನೆಯವರೂ ಶಿಕ್ಷಕರೂ ಮೋಸಹೋಗುವುದು ಇದರಿಂದಲೇ.

ಜಮಾ-ಖರ್ಚಿನ ಲೆಕ್ಕ

ಶರೀರದ ಶಕ್ತಿಗೂ ಮನೆಯ ಹಣಕಾಸಿನಂತೆ ಜಮಾ-ಖರ್ಚು ಇದೆ. ಉಂಡ ಊಟ ಜಮಾ. ಅಭ್ಯಾಸ ಒಂದು ಖರ್ಚು. ಅಭ್ಯಾಸದ ಖರ್ಚು ಕಳೆದು ಉಳಿದ ಶಕ್ತಿಯಲ್ಲಿಯೇ ಹೃದಯ ಬಡಿಯಬೇಕು, ಮಿದುಳು ಕೆಲಸ ಮಾಡಬೇಕು, ಮೂಳೆ ಬೆಳೆಯಬೇಕು, ಗಾಯ ಮಾಯಬೇಕು, ಮುಟ್ಟಿನ ಚಕ್ರ ಸಾಗಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 800 ಮೀಟರ್ ಓಡುವ ಹದಿನೈದು ವರ್ಷದ ಹುಡುಗಿ ಎಂದಿಟ್ಟುಕೊಳ್ಳಿ. ತೂಕ 45 ಕಿಲೋ. ಅದರಲ್ಲಿ ಕೊಬ್ಬು ಸುಮಾರು 9 ಕಿಲೋ ಎಂದರೆ ಉಳಿದ ಮೈ 36 ಕಿಲೋ. ಆ 36 ಕಿಲೋದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿಯಂತೆ 1620 ಕ್ಯಾಲೊರಿ ಅಭ್ಯಾಸದ ಖರ್ಚು ಕಳೆದ ಮೇಲೂ ಉಳಿಯಬೇಕು. ಅಭ್ಯಾಸಕ್ಕೆ 500 ಖರ್ಚಾದರೆ ಒಟ್ಟು 2100ಕ್ಕಿಂತ ಹೆಚ್ಚು ಬೇಕಾಯಿತು. ಬೆಳವಣಿಗೆಯ ಅಗತ್ಯ ಸೇರಿದರೆ ಇನ್ನೂ ಜಾಸ್ತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ 13ರಿಂದ 15ರ ಹುಡುಗಿಯರಿಗೆ ದಿನಕ್ಕೆ ಸುಮಾರು 2400, 16ರಿಂದ 18ರವರಿಗೆ 2500 ಕ್ಯಾಲೊರಿ ಎಂದು ಲೆಕ್ಕ ಹಾಕಿದೆ. ಕಠಿಣ ಅಭ್ಯಾಸ ಮಾಡುವವರಿಗೆ ಇದಕ್ಕೂ ಮೀರಿ ಬೇಕಾದೀತು.

ಈ ಹುಡುಗಿ 1500 ಕ್ಯಾಲೊರಿ ಮಾತ್ರ ಉಂಡಳೆನ್ನಿ. ಅಭ್ಯಾಸಕ್ಕೆ 500 ಹೋದರೆ ಉಳಿದದ್ದು 1000, ಅಂದರೆ ಕಿಲೋಗೆ 28. ಇದು 30ಕ್ಕಿಂತ ಕೆಳಗೆ ಇಳಿದು ಬಹಳ ದಿನ ಹಾಗೆಯೇ ಮುಂದುವರಿದರೆ ಅಪಾಯ ಎಂದು ತಜ್ಞರು ಹೇಳುತ್ತಾರೆ. ಎಲ್ಲರ ಮೈಗೂ ಒಂದೇ ಗೆರೆ ಹೊಂದುವುದಿಲ್ಲ, ಕೆಲವರಿಗೆ ಇನ್ನೂ ಮೇಲಿನ ಮಟ್ಟದಲ್ಲೇ ತೊಂದರೆ ಶುರುವಾದೀತು. ಆದರೆ ಲೆಕ್ಕದ ರೀತಿ ಇದೇ.

ಕೊರತೆ ಬಿದ್ದಾಗ ಜಾಣ ಗೃಹಿಣಿ ಮೊದಲು ತುರ್ತಿಲ್ಲದ ಖರ್ಚನ್ನು ನಿಲ್ಲಿಸುತ್ತಾಳೆ. ಶರೀರವೂ ಹಾಗೆಯೇ. ಹೃದಯವನ್ನು ನಿಲ್ಲಿಸಲಾರದು, ಮುಟ್ಟನ್ನು ನಿಲ್ಲಿಸಬಲ್ಲದು. ಮೂಳೆ ಕಟ್ಟುವ ಕೆಲಸವನ್ನು ಮುಂದೂಡಬಲ್ಲದು. ಕಡಿಮೆ ಊಟ, ಮುಟ್ಟಿನ ಏರುಪೇರು, ಮೂಳೆ ಸವೆತ ಈ ಮೂರನ್ನು ಅಮೆರಿಕದ ತಜ್ಞರು 1992ರಲ್ಲಿಯೇ 'ಕ್ರೀಡಾಪಟು ಹೆಣ್ಣಿನ ಮುಪ್ಪುರಿ ತೊಂದರೆ' ಎಂಬರ್ಥದ ಹೆಸರಿನಿಂದ ಗುರುತಿಸಿದ್ದರು. ತೊಂದರೆ ಮೂರಕ್ಕೇ ನಿಲ್ಲದೆ ಹೃದಯ, ಜೀರ್ಣಾಂಗ, ರೋಗನಿರೋಧಕ ಶಕ್ತಿ, ಮನಸ್ಸು ಎಲ್ಲವನ್ನೂ ತಟ್ಟುತ್ತದೆ, ಗಂಡು ಕ್ರೀಡಾಪಟುಗಳನ್ನೂ ಬಿಡುವುದಿಲ್ಲ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಸಾರಿದರು, 2023ರಲ್ಲಿ ಮತ್ತೆ ವಿವರಿಸಿದರು.

ಮುಟ್ಟು ನಿಂತರೆ ಹೆಮ್ಮೆ ಪಡಬೇಡಿ

'ಚೆನ್ನಾಗಿ ಪ್ರಾಕ್ಟೀಸ್ ಮಾಡಿದರೆ ಮುಟ್ಟು ನಿಲ್ಲುತ್ತೆ, ಅದೇನೂ ತೊಂದರೆಯಿಲ್ಲ' ಎಂಬ ನಂಬಿಕೆ ಕ್ರೀಡಾ ಹಾಸ್ಟೆಲುಗಳಲ್ಲಿ ಇನ್ನೂ ಕೇಳಿಬರುತ್ತದೆ. ಓಡುವ ಹುಡುಗಿಗೆ ಇದೊಂದು ಅನುಕೂಲವೆಂದೇ ಕಾಣಬಹುದು. ಆದರೆ ಮುಟ್ಟು ನಿಂತಿದೆಯೆಂದರೆ ಈಸ್ಟ್ರೋಜೆನ್ ಹಾರ್ಮೋನು ಕುಸಿದಿರುವ ಸಂಭವ ಹೆಚ್ಚು. ಮೂಳೆಗೆ ಸುಣ್ಣದ ಅಂಶವನ್ನು ಹಿಡಿದಿಡುವುದು ಈ ಹಾರ್ಮೋನೇ. ಜೀವಮಾನದಲ್ಲಿ ಕೂಡಿಡುವ ಮೂಳೆಯ ಬಹುಪಾಲು ಹದಿಹರೆಯ ಮುಗಿಯುವ ಹೊತ್ತಿಗೆ ಸೇರಿರುತ್ತದೆ. ಆಗ ತಪ್ಪಿಹೋದ ಗಳಿಕೆಯನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ.

ಆದ್ದರಿಂದ ಈ ಮೂರು ಗುರುತುಗಳನ್ನು ನೆನಪಿಡಿ. ಹದಿನೈದು ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ. ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತುಹೋದರೆ. ವರ್ಷಕ್ಕೆ ಒಂಬತ್ತು ಸಲಕ್ಕಿಂತ ಕಡಿಮೆ ಬಂದರೆ ವೈದ್ಯರನ್ನು ಕಾಣಬೇಕು. ಮೊದಲ ಒಂದೆರಡು ವರ್ಷ ದಿನಗಳು ಹಿಂದುಮುಂದಾಗುವುದು ಸಹಜ. ಹಾಗೆಂದು ತಿಂಗಳುಗಟ್ಟಲೆ ಬಾರದಿರುವುದನ್ನು 'ವಯಸ್ಸಿನ ಗುಣ' ಎಂದು ತಳ್ಳಿಹಾಕಬಾರದು. ಥೈರಾಯ್ಡ್ ಮೊದಲಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ಪರೀಕ್ಷೆ ಅಗತ್ಯ. ಮುಟ್ಟು ಬರಿಸುವ ಮಾತ್ರೆ ಕೊಟ್ಟು ರಕ್ತ ಕಂಡರೆ ಮೂಲ ತೊಂದರೆ ಪರಿಹಾರವಾದಂತೆ ಅಲ್ಲ. ಊಟ ಹೆಚ್ಚಿಸುವುದು, ಅಭ್ಯಾಸ ಸ್ವಲ್ಪ ತಗ್ಗಿಸುವುದು ಮೊದಲ ಚಿಕಿತ್ಸೆ.

ಅಮೆರಿಕದ ಮೇರಿ ಕೇನ್ ಅವರ ಕಥೆ ಇಲ್ಲಿ ಪಾಠವಾಗುತ್ತದೆ. ಹೈಸ್ಕೂಲು ಓಟಗಾರ್ತಿಯಾಗಿ ದಾಖಲೆಗಳನ್ನು ಮುರಿದ ಅವರು 17ರ ವಯಸ್ಸಿನಲ್ಲಿ, 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಿದರು. ಆಮೇಲೆ ತೂಕ ಇಳಿಸುವಂತೆ ತಮ್ಮ ಮೇಲೆ ಸತತ ಒತ್ತಡವಿತ್ತೆಂದೂ, ಮೂರು ವರ್ಷ ಮುಟ್ಟು ನಿಂತಿತ್ತೆಂದೂ, ಐದು ಮೂಳೆಗಳು ಮುರಿದವೆಂದೂ 2019ರಲ್ಲಿ ಅವರೇ ಬಹಿರಂಗವಾಗಿ ಹೇಳಿಕೊಂಡರು. ತರಬೇತುದಾರರು ಆರೋಪವನ್ನು ಒಪ್ಪಲಿಲ್ಲ. ಆದರೆ ಮುಟ್ಟು ನಿಂತು ಮೂಳೆ ಮುರಿಯುವ ಈ ಸರಪಳಿ ವೈದ್ಯಶಾಸ್ತ್ರಕ್ಕೆ ಹೊಸದಲ್ಲ.

ಮೊಣಕಾಲ ಕೆಳಗಿನ ನೋವು

ಓಡುವವರಿಗೆ ಕಾಲುನೋವು ಸಾಮಾನ್ಯ. ಎಲ್ಲ ನೋವೂ ಒಂದೇ ಅಲ್ಲ ಎಂಬುದು ತಿಳಿದಿರಲಿ. ಮುಂಗಾಲ ಮೂಳೆಯ ಉದ್ದಕ್ಕೂ ಹರಡಿದ, ಓಡಲು ಶುರುಮಾಡಿದಾಗ ಬಂದು ಮೈ ಬಿಸಿಯಾದಂತೆ ಕಡಿಮೆಯಾಗುವ ನೋವು ಸಾಮಾನ್ಯವಾಗಿ ಮೂಳೆಪೊರೆಯ ಉರಿಯೂತ. ಕೆಲವು ದಿನ ಓಟ ಕಡಿಮೆ ಮಾಡಿ, ಮೆತ್ತನೆಯ ನೆಲದಲ್ಲಿ ಓಡಿ, ಸವೆದ ಶೂ ಬದಲಿಸಿದರೆ ಹಿಡಿತಕ್ಕೆ ಬರುತ್ತದೆ.

ಬೆರಳ ತುದಿಯಿಂದ ಒತ್ತಿ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ಓಡುತ್ತ ಹೋದಂತೆ ಅದು ಹೆಚ್ಚುವುದು, ಕುಂಟುವುದು, ರಾತ್ರಿ ಮಲಗಿದಾಗಲೂ ಸೆಳೆಯುವುದು — ಇವು ಒತ್ತಡದ ಬಿರುಕಿನ ಲಕ್ಷಣಗಳು. ಒಮ್ಮೆಲೇ ಬಿದ್ದು ಮುರಿದದ್ದಲ್ಲ, ದಿನದಿನದ ಹೊಡೆತದಿಂದ ಮೂಳೆಯಲ್ಲಿ ಮೂಡಿದ ಕೂದಲೆಳೆಯ ಬಿರುಕು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಇರಬಹುದು. 'ಎಕ್ಸ್‌ರೇ ನಾರ್ಮಲ್, ಓಡು' ಎನ್ನುವುದು ಸರಿಯಲ್ಲ. ಅನುಮಾನವಿದ್ದರೆ ಓಟ ನಿಲ್ಲಿಸಿ, ಮೂಳೆ ತಜ್ಞರ ಸಲಹೆ ಪಡೆಯಿರಿ, ಎಂ.ಆರ್.ಐ. ಬೇಕಾಗಬಹುದು. ಆರೆಂಟು ವಾರ ವಿಶ್ರಾಂತಿ ಬೇಕಾದೀತು. ನೋವಿನ ಇಂಜೆಕ್ಷನ್ ಕೊಡಿಸಿ ಓಡಿಸಿದರೆ ಬಿರುಕು ಪೂರ್ತಿ ಮುರಿತವಾಗುವ ಭಯವಿದೆ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ಬೇಡ. ಇಂಥ ಬಿರುಕು ಕಂಡ ಪ್ರತಿ ಹುಡುಗಿಯ ಊಟ ಮತ್ತು ಮುಟ್ಟಿನ ಬಗ್ಗೆ ವಿಚಾರಿಸಲೇಬೇಕು.

ರಕ್ತ ಕಡಿಮೆಯಾದರೆ ಉಸಿರು ಸಾಲದು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇತ್ತು. ಮೈದಾನಕ್ಕೆ ಬರುವ ಹುಡುಗಿಯರೂ ಇದೇ ಮನೆಗಳಿಂದ ಬಂದವರು.

ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಸ್ನಾಯುಗಳಿಗೆ ಮುಟ್ಟಿಸುವುದು ಹಿಮೋಗ್ಲೋಬಿನ್. 12 ವರ್ಷ ದಾಟಿದ ಹುಡುಗಿಯರಲ್ಲಿ ಅದು 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 8ಕ್ಕಿಂತ ಕಡಿಮೆಯಾದರೆ ತೀವ್ರ ಸ್ವರೂಪದ್ದು. 800, 1500, 3000 ಮೀಟರ್ ಓಟಗಾರ್ತಿಯರಿಗೆ ಇದರ ಹೊಡೆತ ಹೆಚ್ಚು. ಕೊನೆಯ ಸುತ್ತಿನಲ್ಲಿ ಕಾಲು ಕಬ್ಬಿಣವಾಗುವುದು, ಏದುಸಿರು, ತಲೆಸುತ್ತು, ಅಭ್ಯಾಸದ ಮಾರನೆಯ ದಿನವೂ ಇಳಿಯದ ಸುಸ್ತು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಆಸೆ — ಇವೆಲ್ಲ ಸೂಚನೆಗಳು. ಇವನ್ನು ಸೋಮಾರಿತನವೆಂದು ಬೈದರೆ ಪ್ರಯೋಜನವಿಲ್ಲ.

ಮುಟ್ಟಿನಲ್ಲಿ ಕಬ್ಬಿಣಾಂಶ ಹೋಗುತ್ತದೆ. ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ. ಗಟ್ಟಿ ನೆಲಕ್ಕೆ ಪಾದ ಬಡಿಯುವಾಗ ಕೆಲವು ರಕ್ತಕಣಗಳು ಒಡೆಯುತ್ತವೆ. ಕಠಿಣ ಅಭ್ಯಾಸದ ನಂತರ ಕೆಲವು ಗಂಟೆ ಕರುಳು ಕಬ್ಬಿಣಾಂಶವನ್ನು ಹೀರುವುದೂ ಕಡಿಮೆ. ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನ ಕಾಟವೂ ಇದೆ.

ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣಾಂಶದ ಉಗ್ರಾಣ ಬರಿದಾಗಿರಬಹುದು. ಅದನ್ನು ತಿಳಿಸುವುದು ಫೆರಿಟಿನ್ ಪರೀಕ್ಷೆ. ಸಾಧ್ಯವಿರುವವರು ಎರಡನ್ನೂ ಮಾಡಿಸಿ. ಮುಖ್ಯವಾದ ಮಾತೆಂದರೆ, ಪರೀಕ್ಷೆಯನ್ನು ಕೂಟಕ್ಕೆ ಎರಡು ಮೂರು ತಿಂಗಳು ಮೊದಲೇ ಮಾಡಿಸಬೇಕು. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಲು ವಾರಗಳು ಬೇಕು, ಉಗ್ರಾಣ ತುಂಬಲು ತಿಂಗಳುಗಳು. ರೈಲು ಹತ್ತುವ ಹಿಂದಿನ ವಾರ ಶುರುಮಾಡಿದ ಟಾನಿಕ್ಕಿನಿಂದ ಸಿಗುವುದು ಹೊಟ್ಟೆ ಕೆಡುವುದಷ್ಟೇ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇವೆ. ಅದು ಬರದಂತೆ ತಡೆಯುವುದಕ್ಕೆ. ಈಗಾಗಲೇ ರಕ್ತಹೀನತೆ ಇದ್ದವರಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಮಾತ್ರೆ ಬೇಕು. ಮಲ ಕಪ್ಪಾದರೆ ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಶಾಲೆಯಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ತಪ್ಪಿಸಬೇಡಿ. ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ಥಲಸ್ಸೀಮಿಯಾದಂಥ ಬೇರೆ ಕಾರಣವನ್ನು ವೈದ್ಯರು ಹುಡುಕಬೇಕಾಗುತ್ತದೆ.

ನಮ್ಮ ಅಡಿಗೆಮನೆಯಲ್ಲಿಯೇ ಇದೆ

ಓಡುವ ಹುಡುಗಿಗೆ ದುಬಾರಿ ಡಬ್ಬಿಯ ಪುಡಿ ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅವಳಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿ.ಗ್ರಾಂ. ರಾಗಿಯ ಜೊತೆ ಎರಡು ಲೋಟ ಹಾಲು ಅಥವಾ ಮೊಸರು, ಸ್ವಲ್ಪ ಎಳ್ಳು, ನುಗ್ಗೆಸೊಪ್ಪು ಸೇರಿದರೆ ಗುರಿ ಹತ್ತಿರವಾಯಿತು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೈದಾನಕ್ಕೆ ಕಳಿಸಬೇಡಿ. ಒಂದು ಬಾಳೆಹಣ್ಣು, ಅಥವಾ ಹುರಿಹಿಟ್ಟಿಗೆ ಬೆಲ್ಲ ಕಲಸಿದ ಉಂಡೆ ಸಾಕು. ಅಭ್ಯಾಸ ಮುಗಿದು ಒಂದು ಗಂಟೆಯೊಳಗೆ ಹೊಟ್ಟೆ ತುಂಬ ತಿಂಡಿ: ಇಡ್ಲಿ, ದೋಸೆ, ರೊಟ್ಟಿ ಯಾವುದಾದರೂ ಸರಿ, ಜೊತೆಗೆ ಮೊಟ್ಟೆ ಅಥವಾ ಮೊಳಕೆ ಕಾಳು. ಮಧ್ಯಾಹ್ನ ಅನ್ನ ಅಥವಾ ಮುದ್ದೆ, ಗಟ್ಟಿ ಬೇಳೆ ಸಾರು, ಸೊಪ್ಪಿನ ಪಲ್ಯ, ಮೊಸರು. ಸಂಜೆ ಅಭ್ಯಾಸಕ್ಕೆ ಮುನ್ನ ಕಡಲೆಕಾಯಿ-ಬೆಲ್ಲದ ಚಿಕ್ಕಿ ಅಥವಾ ಅವಲಕ್ಕಿ. ರಾತ್ರಿ ಮತ್ತೆ ಪೂರ್ತಿ ಊಟ, ಮಲಗುವ ಮುನ್ನ ಹಾಲು. ಮಾಂಸ, ಮೀನು, ಈಲಿ ತಿನ್ನುವ ಮನೆಯವರು ವಾರಕ್ಕೆರಡು ಸಲ ಅವಳ ತಟ್ಟೆಗೂ ಧಾರಾಳವಾಗಿ ಬಡಿಸಿ. ಗಂಡುಮಕ್ಕಳಿಗೆ ಬಡಿಸಿ ಉಳಿದದ್ದು ಹೆಣ್ಣುಮಗಳಿಗೆ ಎಂಬ ರೂಢಿ ಇರುವ ಮನೆಯಿಂದ ರಾಷ್ಟ್ರಮಟ್ಟದ ಓಟಗಾರ್ತಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕಾಳು, ಸೊಪ್ಪುಗಳ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದರ ಮೇಲೆ ನಿಂಬೆಹಣ್ಣು ಹಿಂಡಿ, ಜೊತೆಗೆ ಸೀಬೆ ಅಥವಾ ನೆಲ್ಲಿಕಾಯಿ ತಿಂದರೆ ಹೆಚ್ಚು ಹತ್ತುತ್ತದೆ. ಊಟದ ಜೊತೆ ಕಾಫಿ, ಟೀ ಬೇಡ. ಒಂದು ಗಂಟೆಯ ಅಂತರವಿರಲಿ. ಗುಂಡು, ಚಕ್ರ, ಹ್ಯಾಮರ್ ಎಸೆಯುವ ಹುಡುಗಿಯರಿಗೆ ಮೈಕಟ್ಟು ಬೇಕೇ ಬೇಕು. ಅವರನ್ನು ಓಟಗಾರ್ತಿಯರ ತೂಕಕ್ಕೆ ಹೋಲಿಸಬೇಡಿ.

ಊಟದಷ್ಟೇ ಮುಖ್ಯ ನಿದ್ದೆ. ಈ ವಯಸ್ಸಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ಬೇಕು. ಐದಕ್ಕೆ ಏಳುವವಳು ಒಂಬತ್ತಕ್ಕೆ ಮಲಗಬೇಕು.

ಪ್ರಯಾಣ ಮತ್ತು ಪರವೂರಿನ ಊಟ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದರು. ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಅಲ್ಲಿನ ಊಟ ಒಗ್ಗದೆ, ಪೌಷ್ಟಿಕವಾದದ್ದೇನೂ ಸಿಗದೆ ಅಕ್ಕಿ ಗಂಜಿ, ಉಪ್ಪಿನಕಾಯಿಯ ಮೇಲೆ ದಿನ ದೂಡಿದ್ದು ಕೊನೆಯ 35 ಮೀಟರ್‌ಗಳಲ್ಲಿ ತಮ್ಮ ಶಕ್ತಿ ಕುಂದಲು ಕಾರಣವಾಯಿತೆಂದು ಅವರು ಎಷ್ಟೋ ವರ್ಷಗಳ ಬಳಿಕ ಸಂದರ್ಶನದಲ್ಲಿ ಹೇಳಿದ್ದಾರೆ.

ಶಾಲಾ ಕೂಟಕ್ಕೆ ಹೋಗುವ ನಮ್ಮ ಹುಡುಗಿಯರ ಪಾಡೂ ಬಹಳ ಬೇರೆಯಲ್ಲ. ಉತ್ತರ ಭಾರತದಲ್ಲಿ ಕೂಟವಿದ್ದರೆ ರೈಲಿನಲ್ಲಿ ಎರಡು ರಾತ್ರಿ. ತಲುಪಿದ ಮೇಲೆ ಅಭ್ಯಾಸವಿಲ್ಲದ ಊಟ, ಅಭ್ಯಾಸವಿಲ್ಲದ ಚಳಿ. ಆದ್ದರಿಂದ ಮನೆಯಿಂದಲೇ ಕೆಡದ ತಿಂಡಿ ಕಟ್ಟಿಕೊಡಿ: ಚಪಾತಿ, ಚಟ್ನಿಪುಡಿ, ಹುರಿಗಡಲೆ, ಕಡಲೆಕಾಯಿ, ಖರ್ಜೂರ, ರವೆ ಉಂಡೆ, ಒಗ್ಗರಣೆ ಅವಲಕ್ಕಿ. ಹೊಸ ಊರಿನಲ್ಲಿ ಕುದಿಸಿದ ಅಥವಾ ಸೀಲು ಮಾಡಿದ ನೀರು ಮಾತ್ರ. ಹೆಚ್ಚಿಟ್ಟ ಹಣ್ಣು, ಪಾನಿಪೂರಿ ಸ್ಪರ್ಧೆ ಮುಗಿದ ಮೇಲಾಗಲಿ. ಭೇದಿಯಾದರೆ ಓ.ಆರ್.ಎಸ್. ಒಂದು ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಕದಡಿ ಆಗಾಗ ಕುಡಿಸಬೇಕು. ಅರ್ಧ ಪೊಟ್ಟಣ, ಅರ್ಧ ಲೋಟ ಎಂಬ ಅಂದಾಜು ಬೇಡ.

ಹುಡುಗಿಯರು ನೀರು ಕುಡಿಯದಿರುವುದಕ್ಕೆ ಒಂದು ಕಾರಣ ಯಾರೂ ಕೇಳದೆ ಉಳಿದಿದೆ. ರೈಲಿನಲ್ಲಿ, ಮೈದಾನದಲ್ಲಿ, ತಂಗುವ ಶಾಲಾ ಕಟ್ಟಡದಲ್ಲಿ ಶೌಚಾಲಯ ಹೊಲಸಾಗಿದ್ದರೆ ಅಥವಾ ಬಾಗಿಲಿಗೆ ಚಿಲಕವಿಲ್ಲದಿದ್ದರೆ ಅವರು ಬಾಯಾರಿದರೂ ಕುಡಿಯುವುದಿಲ್ಲ. ಇದರಿಂದ ಉರಿಮೂತ್ರ, ತಲೆನೋವು, ಬಿಸಿಲಿನಲ್ಲಿ ಕುಸಿಯುವುದು. ತಂಡದ ಜೊತೆ ಹೋಗುವ ಶಿಕ್ಷಕಿ ಮೊದಲು ನೋಡಬೇಕಾದದ್ದು ಶೌಚಾಲಯವನ್ನೇ. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಷ್ಟಾಗಿದೆಯೆಂದು ತಿಳಿಯಬಹುದು.

ಸ್ಪರ್ಧೆಯ ದಿನ

ಸ್ಪರ್ಧೆಗೆ ಸುಮಾರು ಮೂರು ಗಂಟೆ ಮೊದಲು ಪರಿಚಿತವಾದ, ಎಣ್ಣೆ ಕಡಿಮೆಯಿರುವ ಊಟ ಮುಗಿದಿರಲಿ: ಇಡ್ಲಿ, ಅನ್ನ-ಮೊಸರು, ಚಪಾತಿ, ಬಾಳೆಹಣ್ಣು. ಹೀಟ್ಸ್ ಮತ್ತು ಫೈನಲ್ ಒಂದೇ ದಿನವಿದ್ದರೆ, ಅಥವಾ ಓಟ ಮುಗಿಸಿ ರಿಲೇಯೂ ಇದ್ದರೆ, ನಡುವೆ ಬಾಳೆಹಣ್ಣು, ಬಿಸ್ಕತ್ತು, ಉಪ್ಪು-ಸಕ್ಕರೆ ಹಾಕಿದ ನಿಂಬೆ ಪಾನಕ ಸ್ವಲ್ಪ ಸ್ವಲ್ಪ ಕೊಡಿ. ಅಂದು ಯಾವ ಹೊಸ ಪ್ರಯೋಗವೂ ಬೇಡ. ಹೊಸ ಶೂ ಕೂಡ ಬೇಡ. ಚಳಿಯಿದ್ದರೆ ಮೈ ಬಿಸಿಮಾಡುವ ವ್ಯಾಯಾಮ ಹೆಚ್ಚು ಹೊತ್ತು ಬೇಕು, ಹೆಸರು ಕೂಗುವವರೆಗೆ ಸ್ವೆಟರ್ ತೆಗೆಯಬಾರದು. ತಣ್ಣಗಿರುವ ಸ್ನಾಯು ಹಿಡಿದುಕೊಳ್ಳುವ, ಹರಿಯುವ ಸಂಭವ ಹೆಚ್ಚು.

ಬಿಸಿಲಿನಲ್ಲಿ ಓಡಿದ ಹುಡುಗಿ ಕುಸಿದು, ಮೈ ಸುಡುತ್ತಿದ್ದು, ಮಾತು ತಡವರಿಸಿದರೆ ಅಥವಾ ಅಸಂಬದ್ಧವಾದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು, ಇಡೀ ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕಿ, ಐಸ್ ಸಿಕ್ಕರೆ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ. 108ಕ್ಕೆ ಕರೆ ಮಾಡಿಸಿ. ಗಾಡಿ ಬರುವವರೆಗೆ ತಣ್ಣಗಾಗಿಸುವುದನ್ನು ನಿಲ್ಲಿಸಬೇಡಿ. ಪ್ರಜ್ಞೆ ಸರಿಯಿಲ್ಲದವಳ ಬಾಯಿಗೆ ನೀರು ಹಾಕಬಾರದು.

ಸ್ಪರ್ಧೆಯ ದಿನವೇ ಮುಟ್ಟಾದರೆ? ಓಡಬಹುದು, ಜಿಗಿಯಬಹುದು, ಗೆಲ್ಲಬಹುದು. ಅದರಿಂದ ಗರ್ಭಕೋಶಕ್ಕೆ ಹಾನಿಯಿಲ್ಲ. ಕೆಲವರಿಗೆ ಆಯಾಸ, ಹೊಟ್ಟೆನೋವು ಇರುತ್ತದೆಂಬುದೂ ನಿಜ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ತಮಗೆ ಹಿಂದಿನ ದಿನ ಮುಟ್ಟಾಗಿ ದಣಿವಾಗಿತ್ತೆಂದು ಟಿ.ವಿ. ಮುಂದೆ ಸಹಜವಾಗಿ ಹೇಳಿದಾಗ ಜಗತ್ತೇ ಮೆಚ್ಚಿತು. ನಮ್ಮ ಹುಡುಗಿ ತನ್ನ ಶಿಕ್ಷಕಿಗಾದರೂ ಹೇಳುವಂತಿರಬೇಕು. ಪ್ಯಾಡು, ಬದಲಿ ಒಳಉಡುಪು, ಕಪ್ಪು ಚಡ್ಡಿ, ಎದೆಗೆ ಸರಿಯಾದ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾ ತಂಡದ ಚೀಲದಲ್ಲಿ ಇರಲಿ. ನೋವಿಗೆ ವೈದ್ಯರು ಮೊದಲೇ ಸೂಚಿಸಿದ, ಹಿಂದೆ ಒಗ್ಗಿದ ಮಾತ್ರೆಯನ್ನು ಊಟವಾದ ಮೇಲೆ ಕೊಡಬಹುದು. ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸುವುದು ಬೇಡ. ಬೇಕೇಬೇಕೆನಿಸಿದರೆ ತಿಂಗಳುಗಳ ಮೊದಲೇ ವೈದ್ಯರೊಂದಿಗೆ ಚರ್ಚಿಸಿ.

ಪುಡಿ, ಸಿರಪ್, ಇಂಜೆಕ್ಷನ್: ಎಚ್ಚರ

ನಿಷೇಧಿತ ಮದ್ದಿನ ಪರೀಕ್ಷೆಗೆ ವಯಸ್ಸಿನ ವಿನಾಯಿತಿಯಿಲ್ಲ. ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ವರ್ಷ ಜನವರಿ 1ರಿಂದ ಹೊಸದಾಗಿ ಜಾರಿಗೆ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಅನೇಕ ಕೆಮ್ಮಿನ ಸಿರಪ್‌ಗಳಲ್ಲಿರುವ ಟರ್ಬುಟಾಲಿನ್ ಈ ಪಟ್ಟಿಯಲ್ಲಿದೆ. ತೂಕ ಇಳಿಸಲೆಂದು ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಇವೆ. 2011ರಲ್ಲಿ ಭಾರತದ ಹಲವು ಹೆಸರಾಂತ ಓಟಗಾರ್ತಿಯರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಮಾತ್ರೆಯಲ್ಲಿ ಸ್ಟಿರಾಯ್ಡ್ ಬೆರೆತಿತ್ತೆಂದು ವಾದಿಸಿದರು. ಆದರೂ ನಿಷೇಧದ ಶಿಕ್ಷೆ ತಪ್ಪಲಿಲ್ಲ. ಮೈಯೊಳಗೆ ಹೋದದ್ದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ನಿಯಮ. ಯಾವ ವೈದ್ಯರ ಬಳಿ ಹೋದರೂ 'ನಾನು ಕ್ರೀಡಾಪಟು' ಎಂದು ಮೊದಲು ಹೇಳಲಿ. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಇಂಜೆಕ್ಷನ್ ಯಾರೇ ಕೊಟ್ಟರೂ ಬೇಡವೆನ್ನಲಿ.

ಶಿಕ್ಷಕರಿಗೆ, ಪೋಷಕರಿಗೆ ಕಿವಿಮಾತು

* ಎಲ್ಲರೆದುರು ತೂಕ ನೋಡಿ ಗಟ್ಟಿಯಾಗಿ ಓದಬೇಡಿ. ಮೈಯ ಆಕಾರದ ಬಗ್ಗೆ ತಮಾಷೆ ಬೇಡ.
* ಓಟದ ಸಮಯ ಬರೆಯುವ ಪುಸ್ತಕದ ಜೊತೆಗೆ ಹುಡುಗಿಯೇ ತನ್ನ ಮುಟ್ಟಿನ ದಿನ, ನಿದ್ದೆ, ನೋವು ಬರೆದುಕೊಳ್ಳುವ ಚಿಕ್ಕ ಡೈರಿ ಇರಲಿ. ಅದನ್ನು ತಾಯಿ ಅಥವಾ ಶಿಕ್ಷಕಿ ಮಾತ್ರ ನೋಡಲಿ.
* ಆಯ್ಕೆಯಾದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಹಿಮೋಗ್ಲೋಬಿನ್ ನೋಡುತ್ತಾರೆ.
* ವಾರಕ್ಕೆ ಒಂದು ದಿನವಾದರೂ ಪೂರ್ತಿ ವಿಶ್ರಾಂತಿ ಕೊಡಿ.
* ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಅಥವಾ ಮನೆತನದಲ್ಲಿ ಚಿಕ್ಕವಯಸ್ಸಿನಲ್ಲಿ ಹಠಾತ್ ಸಾವು ಸಂಭವಿಸಿದ್ದರೆ ಹೃದಯ ಪರೀಕ್ಷೆಯಾಗುವವರೆಗೆ ಓಡಿಸಬೇಡಿ.
* ಊಟ ಕಂಡರೆ ಹೆದರುವುದು, ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು, ಸದಾ ಮಂಕಾಗಿರುವುದು ಕಂಡರೆ ಗದರಿಸದೆ ವೈದ್ಯರ ಬಳಿ ಕರೆದೊಯ್ಯಿರಿ.

ರಾಷ್ಟ್ರೀಯ ಕೂಟದ ಟ್ರ್ಯಾಕಿಗೆ ಬಂದು ನಿಲ್ಲುವ ಹುಡುಗಿಯರಲ್ಲಿ ಪದಕ ಗೆಲ್ಲುವವರು ಪ್ರತಿ ಸ್ಪರ್ಧೆಗೆ ಮೂವರೇ. ಉಳಿದವರೆಲ್ಲ ಗಟ್ಟಿ ಮೂಳೆ, ಸಾಕಷ್ಟು ರಕ್ತ, ತಮ್ಮ ಮೈಯ ಬಗ್ಗೆ ಅಂಜಿಕೆಯಿಲ್ಲದ ಮನಸ್ಸು ಇಟ್ಟುಕೊಂಡು ಊರಿಗೆ ಮರಳಬೇಕು. ಹಾಗೆ ಮರಳಿದವಳು ಮುಂದಿನ ವರ್ಷವೂ ಓಡುತ್ತಾಳೆ. ಕೂಟಕ್ಕೆ ಇನ್ನೂ ಎರಡು ಮೂರು ತಿಂಗಳು ಉಳಿದಿದ್ದರೆ ನಾಳೆಯೇ ಅವಳ ರಕ್ತ ಪರೀಕ್ಷೆ ಮಾಡಿಸಿ. ಇಂದು ರಾತ್ರಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿ.